ನೊರೆ ಬಾರದ ಪುಡಿ

ಪ್ರೀತಿಯ ಅತ್ತಿಗೆ,

ನೀವು ಕಳಿಸಿದ ಸೀಗೆಪುಡಿ ತಲುಪಿತು. ನಿಮ್ಮ ತಂಗಿ ತೀರಿಕೊಂಡ ಮೇಲೆ ಮಗಳು ಯಾರಿಗೂ ತಲೆ ಮುಟ್ಟಲು ಬಿಟ್ಟಿರಲಿಲ್ಲ. ಕೂದಲು ಗಂಟುಗಟ್ಟಿ ಹಗ್ಗದಂತಾಗಿತ್ತು. ಕತ್ತರಿಸಿಬಿಡಿ ಎಂದು ಶಾಲೆಯಿಂದ ಎರಡು ಸಲ ಚೀಟಿ ಬಂದಿತ್ತು.

ಭಾನುವಾರ ಬೆಳಿಗ್ಗೆ ನಾನು ಪುಡಿ ಕಲಸುತ್ತಿದ್ದಾಗ ಅದರ ವಾಸನೆಗೆ ಅವಳಾಗಿಯೇ ಬಚ್ಚಲಿಗೆ ಬಂದು ನನ್ನ ಮುಂದೆ ಕುಳಿತಳು. ವೆಲ್ಡಿಂಗ್ ಮಾಡಿ ಮಾಡಿ ನನ್ನ ಅಂಗೈಗೆ ಬಿಸಿ ತಿಳಿಯುವುದಿಲ್ಲ, ಹಾಗಾಗಿ ನೀರಿನ ಹದವನ್ನೂ ಅವಳೇ ನೋಡಿದಳು. ಎಷ್ಟು ತಿಕ್ಕಿದರೂ ನೊರೆ ಬರಲಿಲ್ಲ. ಪುಡಿ ಕೆಟ್ಟಿರಬೇಕು ಅಂದೆ.

“ಇದಕ್ಕೆ ಅಷ್ಟೊಂದು ನೊರೆ ಬರಲ್ಲ ಅಪ್ಪಾ. ನೀನು ಸುಮ್ನೆ ತಿಕ್ಕು. ಕಣ್ಣಿಗೆ ಮಾತ್ರ ಕೈ ಅಡ್ಡ ಹಿಡಿ, ಅಮ್ಮ ಹಿಡೀತಿದ್ಲು” ಅಂದಳು.

ಎಂಟು ತಿಂಗಳಲ್ಲಿ ಅವಳು ಅಮ್ಮ ಅಂದದ್ದು ಅದೇ ಮೊದಲು. ನಾನು ಕೈ ಅಡ್ಡ ಹಿಡಿದೆ.

ಗಂಟುಗಳನ್ನೆಲ್ಲ ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಯ ಚೊಂಬು ನೀರು ಸುರಿದಾಗ ಕೂದಲು ಬೆನ್ನಿನುದ್ದಕ್ಕೂ ಇಳಿದು ನೆಲ ಮುಟ್ಟಿತು. ಕಿಟಕಿಯ ಬೆಳಕಿಗೆ ಅದು ಹೊಳೆದದ್ದನ್ನು ಹೇಗೆ ಬರೆಯಲಿ? ಒಂದೇ ಸೂರಿನಡಿ ಇದ್ದೂ ಇಷ್ಟು ವರ್ಷ ನಾನು ಇದನ್ನು ನೋಡಿಯೇ ಇರಲಿಲ್ಲ. ಖಾಲಿ ಚೊಂಬು ಹಿಡಿದು ಹಾಗೇ ನಿಂತುಬಿಟ್ಟೆ.

“ಅಪ್ಪಾ, ಚಳಿ ಆಗ್ತಿದೆ, ಟವೆಲ್ ಕೊಡು” ಎಂದು ಅವಳೇ ಎಚ್ಚರಿಸಬೇಕಾಯಿತು.

ಇನ್ನೆರಡು ಡಬ್ಬಿ ಪುಡಿ ಕಳಿಸಿ. ಜಡೆ ಹೆಣೆಯುವುದು ಹೇಗೆಂದು ಬಿಡಿಸಿ ಬರೆಯಿರಿ. ಮೂರು ಎಳೆ ಹಿಡಿಯಬೇಕಂತೆ, ನನಗಿರುವುದು ಎರಡೇ ಕೈ.

ಇಂತಿ,
ನಿಮ್ಮ ತಂಗಿಯ ಗಂಡ