ಆ ಕನ್ನಡಿಯನ್ನು ಬಿಟ್ಟು ಬರಬೇಡ

ಆಲಂಕಾರು
೨೦-೭-೨೦೨೫, ಆದಿತ್ಯವಾರ

ಪ್ರೀತಿಯ ಭವೀ,

ನಾವೆಲ್ಲ ಸೌಖ್ಯ ಎಂದು ಬರೆದೇ ಶುರುಮಾಡಬೇಕಲ್ಲ, ಹಾಗಾಗಿ ಸೌಖ್ಯ. ನಿನ್ನ ಮೆಸೇಜು ಬಂದು ಹನ್ನೊಂದು ದಿನವಾಯಿತು. ಉತ್ತರಕ್ಕೆ ಇಷ್ಟು ತಡ ಮಾಡಿದಳೆಂದು ಬೈಯಬೇಡ. "ಅಕ್ಕಾ, ಪ್ರಾಜೆಕ್ಟ್ ನಿಂತಿತು. ರಾಜೀನಾಮೆ ಕೊಟ್ಟು ಊರಿಗೆ ಬರ್ತೇನೆ. ದಯವಿಟ್ಟು ಫೋನ್ ಮಾಡ್ಬೇಡ" ಎಂದು ಮೂರು ಸಾಲು ಹಾಕಿ ಪುಣೆಯಲ್ಲಿ ಬಾಯಿ ಮುಚ್ಚಿ ಕುಳಿತವಳಿಗೆ ಏನೆಂದು ಬರೆಯಲಿ? ಫೋನ್ ಬೇಡ ಎಂದೆ, ಕಾಗದ ಬೇಡ ಎನ್ನಲಿಲ್ಲ. ಇವತ್ತು ಹೊಲಿಗೆ ಅಂಗಡಿಗೆ ರಜೆ. ಅಳತೆ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಹಿಂಬದಿಯಲ್ಲಿ ಯಾರದ್ದೋ ರವಿಕೆಯ ಅಳತೆ ಇದ್ದರೆ ನಗಬೇಡ. ನಕ್ಕರೂ ಅಡ್ಡಿಯಿಲ್ಲ, ಅಷ್ಟಾದರೂ ನಗು.

ನಿನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಕುಶಾಲಪ್ಪ ಮಾಸ್ಟ್ರು ಬುಧವಾರ ಪೇಪರು ಹಿಡಿದುಕೊಂಡು ಅಂಗಡಿಗೇ ಬಂದರು. ಒಳಪುಟದ ಮೂಲೆಯಲ್ಲಿ ನಾಲ್ಕು ಬೆರಳಗಲದ ಸುದ್ದಿ. ಬಾಹ್ಯಾಕಾಶ ದೂರದರ್ಶಕಕ್ಕೆ ಸರ್ಕಾರ ಅನುದಾನ ನಿಲ್ಲಿಸಿದೆ, ತಯಾರಾದ ಭಾಗಗಳನ್ನು ಉಗ್ರಾಣಕ್ಕೆ ಸೇರಿಸಲಾಗುವುದು ಎಂದಿತ್ತು. ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನು ಎರಡೇ ವರ್ಷಕ್ಕೆ ಮೇಲೆ ಹೋಗ್ಲಿಕ್ಕೆ ಇತ್ತು ಶೀಲಾವತಿ. ಬಡಿಸಿದ ಎಲೆ ಎಳೆದ ಹಾಗೆ ಮಾಡಿದ್ರಲ್ಲ" ಎಂದರು. ಮೊಮ್ಮಗಳ ಯೂನಿಫಾರ್ಮಿಗೆ ಬಂದಿದ್ದ ಹವ್ವಮ್ಮ ಅವರ ಮುಖ ನೋಡಿ ಹೆದರಿದಳು. "ಎಂತ ಆಯ್ತು ಮಾಸ್ಟ್ರೇ? ಭವಿತನಿಗೆ ಎಂತಾದ್ರೂ ಆಯ್ತಾ?" ಎಂದಳು. "ಅವಳಿಗೆ ಎಂತ ಇಲ್ಲ ಹವ್ವಮ್ಮ, ಅವಳ ಟೆಲಿಸ್ಕೋಪಿಗೆ" ಎಂದೆ. "ಸದ್ಯ! ಜೀವಕ್ಕೆ ಎಂತ ಇಲ್ಲ ಅಲ್ವಾ" ಎಂದು ಅವಳು ಉಸಿರು ಬಿಟ್ಟಳು. ನನಗೆ ಆ ಸಮಾಧಾನ ಬರಲಿಲ್ಲ. ನಿನ್ನ ಜೀವ ಎಲ್ಲಿತ್ತೆಂದು ಹವ್ವಮ್ಮನಿಗೆ ಹೇಗೆ ಗೊತ್ತಿರಬೇಕು?

ಮೂರು ವರ್ಷದ ಹಿಂದೆ ಎರಡು ದಿನಕ್ಕೆಂದು ಬಂದಾಗ ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಳಿತು ಹೇಳಿದ್ದೆಯಲ್ಲ, "ಅಕ್ಕಾ, ನಮ್ಮ ಟೆಲಿಸ್ಕೋಪಿನ ಕನ್ನಡಿಯನ್ನು ಕಡಬ ತಾಲೂಕಿನಷ್ಟು ಅಗಲ ಮಾಡಿದ್ರೂ ಅದ್ರ ಮೇಲೆ ನಿನ್ನ ಈ ನೂಲಿಗಿಂತ ದಪ್ಪದ ಉಬ್ಬು ಇರ್ಬಾರ್ದು" ಎಂದು. "ಹಾಗಾದ್ರೆ ಮೋರೆ ನೋಡ್ಲಿಕ್ಕೆ ಭಾರೀ ಒಳ್ಳೇದು" ಎಂದು ನಾನು ತಮಾಷೆ ಮಾಡಿದೆ. ನೀನು ಮೇಜಿನಿಂದಿಳಿದು ಹೊರಗೆ ಹೋಗಿಬಿಟ್ಟೆ. ಹನ್ನೊಂದು ವರ್ಷ ಒಂದೇ ಕನ್ನಡಿಯನ್ನು ಉಜ್ಜಿ ಉಜ್ಜಿ ನಯ ಮಾಡಿದವಳ ಹತ್ತಿರ ಹಾಗೆ ಹೇಳಬಾರದಿತ್ತು. ಈಗ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದಾರಂತೆ. ಮುಚ್ಚುವ ಕಾಗದಕ್ಕೆ ನಿನ್ನಿಂದಲೇ ಸಹಿ ಹಾಕಿಸಿಕೊಂಡರಂತೆ. ಮಗಳು ಯಶಸ್ವಿಗೆ ನೀನು ಬರೆದದ್ದನ್ನು ಅವಳು ನನಗೆ ತೋರಿಸಿದಳು, ಬೈಯಬೇಡ. ನಾನು ಹೊಲಿದ ಬಟ್ಟೆಯನ್ನು ಯಾರೂ ತೊಡದೆ ಕಪಾಟಿನಲ್ಲಿಟ್ಟರೆ ನನಗೆ ಎರಡು ದಿನ ಊಟ ಸೇರುವುದಿಲ್ಲ. ನಿನಗೆ ಹೇಗಾಗಿರಬಹುದು ಎಂದು ಯೋಚಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ.

ನಿನ್ನ ಹಾಗೆ ಭೌತಶಾಸ್ತ್ರ ಓದುತ್ತೇನೆಂದು ಕುಣಿಯುತ್ತಿದ್ದ ನನ್ನ ಮಗಳು ಮೊನ್ನೆ ಊಟಕ್ಕೆ ಕುಳಿತವಳು, "ಅಮ್ಮಾ, ಪಿಯುಸಿ ಆದ್ಮೇಲೆ ನಾನು ಬಿ.ಕಾಂ. ಮಾಡ್ತೇನೆ. ಚಿಕ್ಕಮ್ಮನಿಗೇ ಹೀಗಾದ ಮೇಲೆ ನನಗೆಂತಕ್ಕೆ ಅದೆಲ್ಲ?" ಎಂದಳು. ಬುದ್ಧಿ ಹೇಳಲು ಬಾಯಿ ತೆರೆದವಳು ಇನ್ನೊಂದು ಸೌಟು ಸಾರು ಬಡಿಸಿದೆ.

ಈಗ ನಾನು ಬರೆಯಬೇಕೆಂದು ಕುಳಿತ ವಿಷಯ. ರಾಜೀನಾಮೆ ಕೊಡಬೇಡ. ಊರಿಗೆ ಬರಬೇಡ. ಇಪ್ಪತ್ತು ವರ್ಷ "ಬಾ, ಬಾ" ಎಂದು ನಿನ್ನ ತಲೆ ತಿಂದವಳು ನಾನೇ ಎಂದು ನನಗೆ ನೆನಪಿದೆ. ನಿನ್ನ ಭಾವನಿಗೂ ಅದೇ ಆಶ್ಚರ್ಯ. "ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ? ಬರ್ತೇನೆ ಹೇಳಿದವಳನ್ನು ಬರ್ಬೇಡ ಹೇಳುದಾ? ಬಂದು ನಾಲ್ಕು ದಿನ ಇರ್ಲಿ" ಎಂದು ರೇಗಿದರು. ರೇಗಲಿ. ನೀನು ಅಲ್ಲೇ ಇರು. ಆ ಪೆಟ್ಟಿಗೆ ಎಲ್ಲಿದೆಯೋ ಅದರ ಹತ್ತಿರದಲ್ಲೇ ಇರು. ಇನ್ನೊಂದು ಅರ್ಜಿ ಬರಿ. ಕೇಳುವ ಒಬ್ಬ ಅಧಿಕಾರಿಯೂ ಇಲ್ಲವೇ ಅಲ್ಲಿ? ನಾಳೆ ಯಾರಿಗಾದರೂ ಬುದ್ಧಿ ಬಂದು ಪೆಟ್ಟಿಗೆ ತೆರೆಯಿರಿ ಎಂದರೆ, ಆ ಕನ್ನಡಿಯ ಗುಣ ಬಲ್ಲವರು ಒಬ್ಬರಾದರೂ ಇರಬೇಡವೇ?

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಯಾರೂ ತೆರೆಯುವುದಿಲ್ಲ ಎಂದು ನನಗೂ ಗೊತ್ತು. ನಿನ್ನ ಜೊತೆಗಿದ್ದ ನಲವತ್ತು ಜನ ಆಗಲೇ ದಿಕ್ಕಿಗೊಬ್ಬರಂತೆ ಹೋಗಿದ್ದಾರೆ. ನಿನಗೂ ನಲವತ್ತಮೂರು ದಾಟಿತು. ಇನ್ನೊಂದು ಕನ್ನಡಿಯನ್ನು ನಿನ್ನ ಕೈಗೆ ಯಾರು ಕೊಡುತ್ತಾರೆ? ಧೈರ್ಯ ಹೇಳಲು ಕುಳಿತು ನಾನೇ ಅಳುತ್ತಿದ್ದೇನೆ ನೋಡು, ಅಕ್ಕನೆನಿಸಿಕೊಂಡದ್ದಕ್ಕೂ ಸಾರ್ಥಕ.

ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಾಕು. ಬಾಗಿಲು ಮುಚ್ಚಿಕೊಂಡು ಒಬ್ಬಳೇ ಕೂರಬೇಡ. ಅಮ್ಮ ಇದ್ದಿದ್ದರೆ ನಿನ್ನ ತಲೆ ಸವರಿ ಏನೇನು ಹೇಳುತ್ತಿದ್ದಳೋ ಅದನ್ನೆಲ್ಲ ನಾನೇ ಹೇಳಿದೆನೆಂದು ತಿಳಿದುಕೋ. ದೇವರು ನಿನ್ನನ್ನು ಚೆನ್ನಾಗಿಡಲಿ.

ನಿನ್ನ ಅಕ್ಕ,
ಶೀಲಾವತಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದೆ. ಇದನ್ನು ಹೇಳದೆ ಕಳುಹಿಸಿದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಮೇ ತಿಂಗಳಲ್ಲಿ ಪುತ್ತೂರಿನ ಆಸ್ಪತ್ರೆಯಲ್ಲಿ ನನ್ನ ಗರ್ಭಕೋಶ ತೆಗೆದಾಗ ನೀನು ಬರಲಿಲ್ಲ. ಕನ್ನಡಿಯ ಕೊನೆಯ ಪರೀಕ್ಷೆ ನಡೆಯುತ್ತಿದೆ, ಬಿಟ್ಟು ಬರಲಾಗುವುದಿಲ್ಲ ಎಂದೆ. ಆಯಿತು ಎಂದು ನಾನು ಫೋನಿಟ್ಟೆ, ಆದರೆ ಹೊಟ್ಟೆ ಉರಿಯಿತು. ಮನೆಗೆ ಬರುವಾಗ ಕೊರಗಜ್ಜ ದೈವದ ಕಟ್ಟೆಯ ಹತ್ತಿರ ಕಾರು ನಿಲ್ಲಿಸಿ, ನಿನ್ನ ಭಾವನನ್ನು ಕಾರಿನಲ್ಲೇ ಕೂರಿಸಿ ಒಬ್ಬಳೇ ಇಳಿದೆ. ಕಳೆದ ಚಿನ್ನ, ಕಳೆದ ದನ ಸಿಗಲಿ ಎಂದು ಅಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳುವುದನ್ನು ನೋಡುತ್ತಲೇ ನೀನೂ ಬೆಳೆದವಳು. ನಾನು ನಿನ್ನ ಹೆಸರು ಹೇಳಿದೆ. "ನನ್ನ ತಂಗಿ ಕಳೆದು ಹೋಗಿದ್ದಾಳೆ ಅಜ್ಜಾ. ಅವಳನ್ನು ಅಲ್ಲಿ ಹಿಡಿದಿಟ್ಟದ್ದು ಯಾವುದೋ, ಅದು ಅವಳನ್ನು ಬಿಡ್ಲಿ. ಅವಳು ಮನೆಗೆ ಬರ್ಲಿ" ಎಂದೆ. ಸರಿಯಾಗಿ ನಲವತ್ತೆಂಟನೆಯ ದಿನ ನಿನ್ನ ಮೂರು ಸಾಲು ಬಂತು.

ಸರ್ಕಾರದ ತೀರ್ಮಾನಕ್ಕೂ ನಿನ್ನ ಚಕ್ಕುಲಿಗೂ ಏನು ಸಂಬಂಧ ಎಂದು ನೀನು ಕೇಳುತ್ತಿ. ಸಂಬಂಧ ಇಲ್ಲದಿರಲಿ. ಆದರೆ ನಾನು ಬೇಡಿಕೊಂಡದ್ದು ನಿಜವಲ್ಲವೇ? ಮೊನ್ನೆ ಮತ್ತೆ ಹೋಗಿ "ಹಿಂದೆ ತಗೊಳ್ಳಿ ಅಜ್ಜಾ, ನನಗೆ ಅವಳು ಬರುದು ಬೇಡ" ಎಂದೆ. ಎದುರಿನಲ್ಲಿ ವೀಳ್ಯದ ಅಂಗಡಿ ಇಟ್ಟಿರುವ ಸೀತು ಕೇಳಿಸಿಕೊಂಡಳು. "ಅಜ್ಜ ನಡೆಸಿಕೊಟ್ಟ ಮೇಲೆ ಬೇಡ ಹೇಳ್ಲಿಕ್ಕುಂಟಾ ಅಕ್ಕಾ? ತಂಗಿ ಬಂದ ದಿನ ಇಬ್ರೂ ಒಟ್ಟಿಗೆ ಬಂದು ಹರಕೆ ತೀರಿಸಿ" ಎಂದಳು.

ನೀನು ಬಂದರೆ, ಭವೀ, ನಿನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾನು ಅಜ್ಜನಿಗೆ ಉಪಕಾರವಾಯಿತು ಎಂದು ಕೈ ಮುಗಿಯಬೇಕು.