ಗೆಂಡೆರ್‌ಗೆ ಹೊಂದುವ ಡೆಕ್

ಕ್ಲಾತೆನ್
6 ಮೇ 2011

ಪ್ರೀತಿಯ ನಾದಿನಿ ದಿಕ್ ಮುರ್ಯಾತಿ,

ನೀನೂ ಮಕ್ಕಳೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ನನಗೆ ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ.

ಇದೇ ಹತ್ತೊಂಬತ್ತಕ್ಕೆ ನಿನ್ನ ಅಣ್ಣ ಹೋಗಿ ಸಾವಿರ ದಿನ. ಪ್ರಾರ್ಥನೆ, ಊಟ ಆದ ಮೇಲೆ ಅವರ ಕೊನೆಯ ಪಾಠದ ಕ್ಯಾಸೆಟ್ ಹಾಕಿ, ಅದರ ಜೊತೆಗೇ ಅವರ ಗೆಂಡೆರ್ ವಾದ್ಯ ನುಡಿಸಬೇಕೆಂದು ಅವರ ಶಿಷ್ಯ ಪಾಕ್ ಸಬ್ದೊಗೆ ಆಸೆ. ಕೇಳುವಾಗಲೇ ಅತ್ತುಬಿಟ್ಟರು. ನಾನು ಆಗಲಿ ಎಂದೆ.

ಆದರೆ ಆ ಗೆಂಡೆರ್‌ನ ಶ್ರುತಿ ಈಗ ಮೊದಲಿನದಲ್ಲ. ನಿನ್ನ ಅಣ್ಣ ತೀರಿಕೊಂಡ ವರ್ಷವೇ ಕಂಚಿನ ಪಟ್ಟಿಗಳಿಗೆಲ್ಲ ಅರ ಹಾಕಿಸಿ ಸ್ವಲ್ಪ ಏರಿಸಿದ್ದೆ. ಪಕ್ಕದೂರಿನ ಶಾಲೆಯವರು ತಮ್ಮ ವಾದ್ಯಗಳ ಜೊತೆ ಸೇರಿಸಲು ಕೇಳಿದ್ದರು, ಆಮೇಲೆ ಬರಲಿಲ್ಲ. ಅಂದಿನಿಂದ ಬಟ್ಟೆ ಹೊದಿಸಿಟ್ಟಿದ್ದೇನೆ. ಸಬ್ದೊಗೆ ಇದು ಗೊತ್ತಿಲ್ಲ.

ಮನೆಯ ಕ್ಯಾಸೆಟ್ ಡೆಕ್‌ನ ಬೆಲ್ಟ್ ಕರಗಿ ಮೋಟಾರ್ ಸುಟ್ಟಿದೆ. ಹಾಗಾಗಿ ಮೊನ್ನೆ ಗೆಂಡೆರ್‌ನ ಒಂದು ಪಟ್ಟಿ ಬಿಚ್ಚಿ, ಕ್ಯಾಸೆಟ್ ಜೊತೆ ಚೀಲದಲ್ಲಿಟ್ಟುಕೊಂಡು ಜೋಗ್ಜಾದ ಹಳೆ ಸಾಮಾನಿನ ಸಂತೆಗೆ ಹೋದೆ. ಡೆಕ್ ಮಾರುವ ತುಕಿರಾನ್ ಒಂದಾದ ಮೇಲೊಂದು ಹಾಕಿ ಕೇಳಿಸಿದ. ಮೊದಲನೆಯದರಲ್ಲಿ ಬರೀ ಸುಯ್ಯೆನ್ನುವ ಸದ್ದು. ಎರಡನೆಯದರಲ್ಲಿ ದನಿ ಎಳೆದಾಗಲೆಲ್ಲ ನಡುಗುತ್ತಿತ್ತು. ಮೂರನೆಯದು ಎಷ್ಟು ಶುಭ್ರವೆಂದರೆ, ನಮ್ಮ ಅಂಗಳದ ಕೋಳಿಯೂ ಕೇಳಿಸಿತು. ನಾನು ಅದನ್ನೂ ಬೇಡವೆಂದೆ.

‘ಏನ್ ಬೂ, ಸೊಸೆ ನೋಡೋಕೆ ಬಂದಂಗೆ ಒಂದೊಂದಕ್ಕೂ ಕೊಂಕು ತೆಗೀತೀರಲ್ಲ’ ಎಂದು ಅವನು ನಕ್ಕ.

ಪಟ್ಟಿಯನ್ನು ದಾರಕ್ಕೆ ತೂಗುಬಿಟ್ಟು ಬಡಿದು ತೋರಿಸಿದೆ. ಕ್ಯಾಸೆಟ್‌ನ ದನಿ ಅದಕ್ಕಿಂತ ಕೆಳಗಿತ್ತು.

‘ಮೂರು ಡೆಕ್ಕೂ ಒಂದೇ ಮಾತು ಹೇಳ್ತಾವೆ. ನಿಮ್ ಪಟ್ಟಿ ಒಂದೇ ಬೇರೆ ಹೇಳ್ತದೆ. ಸುಳ್ಳು ಯಾರದ್ದು ಅಂತ ನೀವೇ ಹೇಳಿ’ ಎಂದ.

ನನ್ನ ಮುಖ ಬಿಸಿಯಾಯಿತು. ನಿನ್ನಲ್ಲಿ ಮುಚ್ಚಿಡುವುದೇಕೆ, ನಾನು ಒಳ್ಳೆಯ ಡೆಕ್ ಹುಡುಕಿ ಹೋಗಿರಲಿಲ್ಲ. ಹಳೆಯದಾಗಿ, ಬೇಕಾದಷ್ಟೇ ವೇಗ ಹೆಚ್ಚಾದದ್ದು ಒಂದು ಸಿಕ್ಕರೆ ಯಾರಿಗೂ ಗೊತ್ತಾಗದೆ ಕಳೆಯಬಹುದು ಎಂದುಕೊಂಡಿದ್ದೆ.

‘ಅದಕ್ಯಾಕೆ ಅಲೀತೀರಿ? ಮೋಟಾರಿನ ತಿರುಪು ಒಂಚೂರು ತಿರುಗಿಸಿದ್ರೆ ಆಯ್ತಪ್ಪ’ ಎಂದು ಮೂರನೆಯ ಡೆಕ್ಕನ್ನೇ ಬಿಚ್ಚಿ ತಿರುಗಿಸಿದ. ದನಿ ಏರುತ್ತಾ ಬಂದು ಪಟ್ಟಿಯ ದನಿಗೆ ಕೂಡಿಕೊಂಡಿತು. ಎರಡರಲ್ಲಿ ಯಾವುದು ಯಾವುದೆಂದು ತಿಳಿಯದಷ್ಟು. ಕಟ್ಟಿಕೊಡು ಎನ್ನುವವಳಿದ್ದೆ.

ಅಷ್ಟರಲ್ಲಿ ಕ್ಯಾಸೆಟ್‌ನಲ್ಲಿ ನಿನ್ನ ಅಣ್ಣ ಶಿಷ್ಯನನ್ನು ಗದರಿಸಿದರು: ‘ಅವಸರ ಯಾಕೋ ಸಬ್ದೊ, ಗದ್ದೆಗೆ ನೀರು ಬಿಡೋಕೆ ಹೋಗ್ಬೇಕಾ?’ ಮಾತು ಅವರದೇ, ಗಂಟಲು ಅವರದಲ್ಲ. ತೆಳ್ಳಗೆ, ನಮ್ಮ ಮನೆಯಲ್ಲಿ ಎಂದೂ ಬಾಳದ ಯಾರದೋ ಗಂಟಲು.

‘ಯಾರು ಬೂ ಈ ಹುಡುಗ?’ ಎಂದು ತುಕಿರಾನ್ ಕೇಳಿದ.

ತಿರುಪು ಮೊದಲಿದ್ದಂತೆಯೇ ಇಡು ಎಂದೆ. ಪಟ್ಟಿಗೆ ಹೊಂದುವುದಿಲ್ಲವಲ್ಲ ಎಂದ. ಹೊಂದದಿದ್ದರೆ ಬೇಡ ಎಂದೆ.

ಡೆಕ್ ಈಗ ಮನೆಯಲ್ಲಿದೆ. ಅದರಲ್ಲಿ ಕೇಳುವುದು ನಿನ್ನ ಅಣ್ಣನ ದನಿಯೇ. ಹದಿನಾರಕ್ಕೆ ಸಬ್ದೊ ಅಭ್ಯಾಸಕ್ಕೆ ಬರುತ್ತಾರೆ. ಮೊದಲ ಪೆಟ್ಟಿಗೇ ಅವರಿಗೆ ತಿಳಿದುಬಿಡುತ್ತದೆ. ಅದಕ್ಕೆ ಮೊದಲು ನಾನೇ ಹೇಳಬೇಕು. ಒಬ್ಬಳೇ ಕೂತು ಹೇಳಿಕೊಂಡು ನೋಡಿದೆ, ನಾಲಿಗೆ ಏಳುವುದಿಲ್ಲ. ನೀನು ಹದಿನೈದಕ್ಕೇ ಬಂದುಬಿಡು. ಮಾತಾಡುವುದು ಬೇಡ, ನನ್ನ ಪಕ್ಕದಲ್ಲಿ ಕೂತಿದ್ದರೆ ಸಾಕು.

ನಿನ್ನ ದಾರಿ ಕಾಯುವ ಅತ್ತಿಗೆ,
ವಗಿಯೆಮ್

ಮರೆಯದೆ ಬರೆಯಬೇಕಾದದ್ದು: ಶ್ರುತಿ ಏರಿಸೆಂದು ಯಾವ ಶಾಲೆಯವರೂ ಕೇಳಿರಲಿಲ್ಲ. ನಿನ್ನ ಅಣ್ಣ ಹೋದ ಮೇಲೂ, ಬೆಕ್ಕು ಗೆಂಡೆರ್ ಮೇಲೆ ನಡೆದರೂ ಸಾಕು, ಅವರೇ ಪಾಠ ಶುರುಮಾಡಿದರೆಂದು ನಾನು ಎದ್ದು ಚಹಾಕ್ಕೆ ನೀರಿಟ್ಟುಬಿಡುತ್ತಿದ್ದೆ. ಶ್ರುತಿ ಎಷ್ಟು ಏರಿಸಲಿ ಎಂದು ಅರ ಹಾಕುವವನು ಕೇಳಿದ. ನಾನು ಎದ್ದು ನೀರಿಡದಷ್ಟು ಎಂದು ಹೇಗೆ ಹೇಳಲಿ? ಸ್ವಲ್ಪ ಎಂದೆ.