ದ್ಯಾಮಕ್ಕನ ತಂಪು ಕೈ

ನೆರಳುಗಾಲ ನೂರ ಹನ್ನೆರಡು, ಎರಡನೇ ವೈಶಾಖದ ಮೂವತ್ತೆಂಟನೆಯ ದಿನ
ಏಳನೇ ನೆರಳುಕೇರಿ, ಗದಗ

ಹೆಸರು ಗೊತ್ತಿಲ್ಲದ ಹಳೆಯ ಕಾಲದ ತಾಯಿಯವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ನೀವು ಹುಬ್ಬೇರಿಸಿರಬೇಕು. ಕ್ಷಮಿಸಿ, ಕೈತಪ್ಪಿ ಬರೆದದ್ದಲ್ಲ. ಬೇಸಿಗೆ ಮುಗಿಯದೇ ಹೋದಾಗ ನಮ್ಮ ಹಿರಿಯರು ತಿಂಗಳುಗಳನ್ನು ಎಳೆದು ಉದ್ದ ಮಾಡಿದರು, ಅದೂ ಸಾಲದಾದಾಗ ವೈಶಾಖವನ್ನೇ ಎರಡು ಮಾಡಿದರು. ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಬಂದ ಹಾಗೆ ಬಿಡಿಸಿ ಹೇಳುತ್ತೇನೆ. ಇನ್ನೊಂದು ವಿಷಯ. ಈ ಕಾಗದವನ್ನು ನಾನಾಗಿ ಬರೆಯುತ್ತಿಲ್ಲ, ಇದು ನನ್ನ ಇವತ್ತಿನ ಪಾಠ. 'ಹಿಂದಿನ ಕಾಲದ ಒಬ್ಬ ತಾಯಿಗೆ ಮನಸ್ಸು ಬಿಚ್ಚಿ ಬರೆಯಿರಿ, ಹಗುರಾಗುತ್ತೀರಿ, ಯಾರೂ ಓದುವುದಿಲ್ಲ' ಎಂದು ಹೇಳಿ ಹಾಳೆ ಕೊಟ್ಟು ಮನೆಗೆ ಕಳಿಸಿದ್ದಾರೆ. ಹಗುರಾಗದಿದ್ದರೆ ನಾಳೆ ಮತ್ತೆ ಕೂತು ಬರೆಯಬೇಕು.

ನೆರಳುಕೇರಿ ಎಂದರೆ ನೆತ್ತಿಯ ಮೇಲೆ ದಪ್ಪ ಬಟ್ಟೆ ಹೊದಿಸಿದ ಓಣಿ. ಆ ಬಟ್ಟೆ ಇಲ್ಲದಿದ್ದರೆ ಹಗಲಲ್ಲಿ ಇಲ್ಲಿ ಯಾರೂ ಬದುಕಿರಲಾರರು. ಗಾಳಿಗೆ ಅದು ಹರಿಯುತ್ತಲೇ ಇರುತ್ತದೆ, ಹೊಲಿಯುವುದು ನನ್ನ ಕೆಲಸ. ಸೂರ್ಯ ಹುಟ್ಟುವ ಮೊದಲೇ ಏಣಿ ಹತ್ತಿ, ಬಿಸಿಲು ಮೈ ಸುಡತೊಡಗಿದ ಮೇಲೆ ಇಳಿಯುತ್ತೇನೆ. ಇಳಿದವಳೇ ನೀರಿನ ಸಾಲಿಗೆ ಓಡಬೇಕು, ಬಂದು ರೊಟ್ಟಿ ಬಡಿಯಬೇಕು, ಮಗಳು ಸಂಗಿಯ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಅವಳು ಮಲಗಿದಾಗ ಕೆಳಗೆ ತಂದ ಬಟ್ಟೆಗೆ ತೇಪೆ ಹಾಕಬೇಕು. ಗಂಡ ಅಡಿವೆಪ್ಪ ಕಾರವಾರದ ಕಡೆ ಸಮುದ್ರದ ಉಪ್ಪು ತೆಗೆದು ನೀರು ಕಳಿಸುವ ಕಾರ್ಖಾನೆಯಲ್ಲಿದ್ದಾನೆ. ವರ್ಷಕ್ಕೊಮ್ಮೆ ಬರುತ್ತಾನೆ, ಬಂದವನು ಎರಡು ದಿನ ನಿದ್ದೆ ಮಾಡಿ ಹೊರಡುತ್ತಾನೆ. ಅವನನ್ನು ಬೈದು ಏನು ಬಂತು, ಅವನಿಗೂ ಅಲ್ಲಿ ನಿದ್ದೆಯಿಲ್ಲ. ನಿಮ್ಮ ಕಾಲದ ತಾಯಂದಿರಿಗೆ ಇದಕ್ಕಿಂತ ಹೆಚ್ಚು ಕೆಲಸವಿತ್ತೆಂದು ಕೇಳಿದ್ದೇನೆ. ಇರಬಹುದು. ಯಾರದು ಹೆಚ್ಚು ಎಂದು ಜಗಳ ಕಾಯಲು ನಾನು ಕೂತಿಲ್ಲ.

ಈಗ ಕಾವುಪಟ್ಟಿಯ ವಿಚಾರ. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆದ ಮೇಲೆ, ಪಾಲಕಿ ಅಂದರೆ ಕೇರಿಯ ತಾಯಂದಿರನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಅಧಿಕಾರಿ, ಅರಿಶಿನ ಕುಂಕುಮ ಹಚ್ಚಿ ಬಾಣಂತಿಯ ತೋಳಿಗೆ ಒಂದು ಪಟ್ಟಿ ಕಟ್ಟುತ್ತಾಳೆ. ಹೆಂಗಸರು ಸೋಬಾನ ಹಾಡುತ್ತಾರೆ. ತಾಯಿಯ ಮನಸ್ಸು ತಂಪಾಗಿದ್ದರೆ ಪಟ್ಟಿ ಹಸಿರು, ಕಾದರೆ ಹಳದಿ, ತಡೆಯಲಾರದಷ್ಟು ಕಾದರೆ ಕೆಂಪು. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ಕಂಬವೊಂದು ಎಲ್ಲರ ಪಟ್ಟಿಯ ಬಣ್ಣವನ್ನು ಓದಿಕೊಳ್ಳುತ್ತದೆ. ಮೂರನೆಯ ಸಲ ಕೆಂಪು ಬಂದರೆ ಮಗುವನ್ನು ಪಾಲನಾಲಯಕ್ಕೆ ಒಯ್ಯುತ್ತಾರೆ. ಅದು ಊರಾಚೆ ನೆಲದೊಳಗೆ ಕಟ್ಟಿದ ತಣ್ಣನೆಯ ದೊಡ್ಡ ಮನೆ. ಹಿಂದೆ ತಾಯಂದಿರು ಒಳಗೊಳಗೇ ಬೆಂದು ಹೋದರೂ ಕೇಳುವವರಿರಲಿಲ್ಲವಂತೆ, ಅದಕ್ಕೆ ಈ ಏರ್ಪಾಡು. ಮಾಡಿದವರ ಮನಸ್ಸು ಒಳ್ಳೆಯದೇ ಇದ್ದೀತು. ಆದರೆ ಮಗುವನ್ನು ಒಯ್ದಾರೆಂಬ ಭಯಕ್ಕಿಂತ ಹೆಚ್ಚು ತಾಯಿಯನ್ನು ಕಾಯಿಸುವುದು ಬೇರೇನೂ ಇಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಪಟ್ಟಿ ಹಸಿರಾಗಿರಲಿ ಎಂದು ದಿನಾ ಹಗುರವೇಳೆ ಇಟ್ಟಿದ್ದಾರೆ. ಕೆಲಸ ಬಿಟ್ಟು ಎಲ್ಲ ತಾಯಂದಿರೂ ಹೋಗಿ ಕೂರಲೇಬೇಕು. ಅಲ್ಲಿ ನಿಮ್ಮದೇ ಪಾಠ. ದಣಿವು ಕಳೆಯಲು ಏನು ಮಾಡುತ್ತೇವೆಂದು ನೀವೆಲ್ಲ ಫೋನಿನಲ್ಲಿ ಹೇಳಿಕೊಂಡಿದ್ದಿರಲ್ಲ, ಅದನ್ನೆಲ್ಲ ಒಟ್ಟುಮಾಡಿ ನಮಗೆ ತೋರಿಸುತ್ತಾರೆ. ನಿಮ್ಮಲ್ಲೊಬ್ಬರು ಕೆಲಸದಿಂದ ಬರುವಾಗ ಸೀದಾ ಮನೆಗೆ ಹೋಗದೆ ಸ್ಕೂಟರಿನಲ್ಲಿ ಸುಮ್ಮನೆ ಒಂದು ಸುತ್ತು ಹಾಕುತ್ತಿದ್ದರಂತೆ. ನಮ್ಮಲ್ಲಿ ಸ್ಕೂಟರಿಲ್ಲ, ಹಿಡಿಕೆ ಇರುವ ಮರದ ಬೆಂಚಿನ ಮೇಲೆ ಕೂರಿಸಿ ಎದುರಿಗೆ ಫ್ಯಾನು ಹಚ್ಚುತ್ತಾರೆ. ಇನ್ನೊಬ್ಬರು ಬೇಳೆ ಡಬ್ಬಿಯ ಹಿಂದೆ ಪೇಡೆ ಬಚ್ಚಿಟ್ಟು, ಮಕ್ಕಳು ಶಾಲೆಗೆ ಹೋದ ಮೇಲೆ ಒಬ್ಬರೇ ತಿನ್ನುತ್ತಿದ್ದರು. ನಮಗೂ ಪೇಡೆ ಕೊಟ್ಟು, ಕದ್ದು ತಿಂದಂತೆ ತಿನ್ನಿರಿ ಎನ್ನುತ್ತಾರೆ. ಮೇಲ್ವಿಚಾರಕಿ ಎದುರಿಗೇ ನಿಂತಿರುತ್ತಾಳೆ. ಬಟ್ಟೆ ಒಣಹಾಕಿದ ಮೇಲೆ ಕೆಳಗಿಳಿಯದೆ, ಖಾಲಿ ಬಕೆಟ್ಟು ಹಿಡಿದು ಮಹಡಿಯ ಮೇಲೆ ಸುಮ್ಮನೆ ನಿಂತವರೊಬ್ಬರಿದ್ದರು, ಅವರು ನನಗೆ ಬಹಳ ಇಷ್ಟ. ನಾನೂ ಹಾಗೆ ನಿಲ್ಲಲು ನೋಡಿದೆ. ನಿಂತಷ್ಟು ಹೊತ್ತೂ ನೀರಿನ ಸಾಲು ಎಲ್ಲಿಗೆ ಬಂದಿದ್ದೀತು ಎಂದೇ ಯೋಚಿಸುತ್ತಿದ್ದೆ.

ನನಗೆ ಮೊದಲ ಕೆಂಪು ಬಂದದ್ದು ನೀರು ನಿಂತ ವಾರದಲ್ಲಿ. ಎರಡನೆಯದು, ಸಂಜೆ ಸಂಗಿ ಓಣಿಯಲ್ಲಿ ಕಾಣದೆ ಹೋದಾಗ. ಅವಳು ಪಕ್ಕದ ಮನೆಯ ಹೊರಸಿನ ಕೆಳಗೆ ಬೆಕ್ಕಿನ ಮರಿಯೊಂದಿಗೆ ಮಲಗಿಬಿಟ್ಟಿದ್ದಳು. ಸಿಕ್ಕ ಮೇಲೂ ನನ್ನ ಪಟ್ಟಿ ಆರಲಿಲ್ಲ, ಅಷ್ಟರಲ್ಲಿ ಕಂಬ ಓದಿಕೊಂಡಿತ್ತು. ಮರುದಿನ ಪಾಲಕಿ ಬಂದು ಹೆಗಲ ಮೇಲೆ ಕೈಯಿಟ್ಟು, "ಇನ್ನೊಂದ ಸಲ ಆದ್ರ ನನ್ನ ಕೈಯಾಗ ಏನೂ ಇರೂದಿಲ್ಲವಾ," ಎಂದಳು. ಅವಳ ತೋಳಿನಲ್ಲೂ ಪಟ್ಟಿಯಿತ್ತು, ಹಳದಿಯಾಗಿತ್ತು.

ಆಗ ನನ್ನನ್ನು ಒಳಗೆ ಕರೆದವಳು ದ್ಯಾಮಕ್ಕ, ಓಣಿಯ ಕೊನೆಯ ಮನೆಯವಳು. ನಮ್ಮ ಕೇರಿಯಲ್ಲಿ ಗುಟ್ಟಾಗಿ ಒಂದು ಪದ್ಧತಿ ನಡೆದುಬಂದಿತ್ತು, ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾವು ಏರಿದ ತಾಯಂದಿರು ದೀಪ ಹಚ್ಚುವ ಹೊತ್ತಿಗೆ ಪಟ್ಟಿ ಬಿಚ್ಚಿ ದ್ಯಾಮಕ್ಕನಿಗೆ ಕೊಡುತ್ತಿದ್ದರು. ಬಿಚ್ಚಬಾರದೆಂಬ ಕಟ್ಟಳೆ ಇದೆಯೇ ಹೊರತು ಬೀಗವೇನೂ ಇಲ್ಲ, ಅಷ್ಟರ ಮಟ್ಟಿಗೆ ತಾಯಂದಿರನ್ನು ನಂಬಿದ್ದಾರೆ. ದ್ಯಾಮಕ್ಕ ಅವನ್ನೆಲ್ಲ ತೋಳಿಗೆ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದು, ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಯಾರ ಪಟ್ಟಿ ಕಟ್ಟಿದರೂ ಅವಳ ಕೈಯಲ್ಲಿ ಅದು ಚಿಗುರಿನ ಹಾಗೆ ಹಸಿರಾಗುತ್ತಿತ್ತು. ಆ ಹೊತ್ತಿನಲ್ಲಿ ನಾವು ಬರಿಗೈಯಲ್ಲಿ ಅವಳ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಅತ್ತೆಯನ್ನು ಬೈಯುವವರು ಬೈಯುತ್ತಿದ್ದರು, ಅಳುವವರು ಅಳುತ್ತಿದ್ದರು, ಒಬ್ಬಳಂತೂ ಸುಮ್ಮಸುಮ್ಮನೆ ನಗುತ್ತಿದ್ದಳು. ಓದುವವರಿಲ್ಲದ ಆ ಹೊತ್ತಿನಲ್ಲಿ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಗುತ್ತಿತ್ತು. ತಾಯಿ, ನಾನು ಕಂಡ ಸುಖ ಅಷ್ಟೇ.

ಒಂದು ದಿನ ಕೇಳಿಯೇ ಬಿಟ್ಟೆ, ನಿನಗೆ ಈ ತಂಪು ಎಲ್ಲಿಂದ ಬಂತು, ಯಾವ ಪಾಠ ಮಾಡುತ್ತೀ ಎಂದು. ದ್ಯಾಮಕ್ಕ ಜೋಳದಿಂದ ಕಣ್ಣೆತ್ತಲಿಲ್ಲ. "ಯಾವ ಪಾಠಾನೂ ಇಲ್ಲ ತಂಗಿ. ನನ್ನ ಎರಡೂ ಹುಡುಗೂರನ ಒಯ್ದು ಭಾಳ ವರ್ಷಾತು. ಇನ್ನ ಯಾರ ಸಲುವಾಗಿ ಅಂಜಲಿ? ಅಂಜೂದ ಮುಗದೈತಿ, ಅದಕ್ಕ ತಂಪೈತಿ," ಎಂದಳು. ನಮ್ಮ ಮಕ್ಕಳು ನಮ್ಮ ಬಳಿ ಉಳಿದಿದ್ದು ಅವಳ ಆ ತಂಪಿನಿಂದ ಎಂದು ಆಗ ತಿಳಿಯಿತು. ಆದರೂ ಮರುದಿನ ಸಂಜೆ ಪಟ್ಟಿ ಬಿಚ್ಚಿ ಒಯ್ದೆ.

ಮೊದಲನೇ ವೈಶಾಖದ ಕೊನೆಗೆ ಸಂಗಿಗೆ ಜ್ವರ ಬಂತು. ಸಂಜೆ ಪಟ್ಟಿ ಕೊಡಲು ಹೋದಾಗ ಅವಳನ್ನು ಹೆಗಲ ಮೇಲೆ ಹಾಕಿಕೊಂಡೇ ಹೋಗಿದ್ದೆ. ಮನೆಯಲ್ಲಿ ಹನಿ ನೀರಿರಲಿಲ್ಲ. ದ್ಯಾಮಕ್ಕ, "ತಾ ಇಲ್ಲೆ, ನಾ ಎತಗೋತೀನಿ. ನೀ ನೀರಿಗೆ ಹೋಗಿ ಬಾ," ಎಂದು ಕೈ ಚಾಚಿದಳು. ಅವಳ ತೋಳಿನಲ್ಲಿ ಆಗ ನನ್ನದೂ ಸೇರಿ ಮೂವರ ಪಟ್ಟಿಗಳಿದ್ದವು. ಕೇರಿಯ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ತಂಪಿನ ಕೈ, ಕೂಸಿಗೂ ತಂಪಾದೀತು ಎಂದೇ ಎಲ್ಲರೂ ಅಂದುಕೊಂಡರು. ನಾನು ನೀರು ಹಿಡಿದು ಬರುವಷ್ಟರಲ್ಲಿ ದೀಪ ಹತ್ತಿತ್ತು. ಸಂಗಿ ಅವಳ ಎದೆಗೆ ಮುಖ ಒತ್ತಿ, ಸೆರಗನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನರಳುತ್ತಿದ್ದಳು. ದ್ಯಾಮಕ್ಕ ಅವಳನ್ನು ಅವಚಿಕೊಂಡು, "ನನ್ನವ್ವಾ, ಕಣ್ಣ ತಗೀಯವ್ವಾ," ಎನ್ನುತ್ತ ಹಿಂದೆ ಮುಂದೆ ತೂಗುತ್ತಿದ್ದಳು. ಮುಗಿದುಹೋಗಿದ್ದ ಅಂಜಿಕೆ ಅವಳಿಗೆ ಮರಳಿ ಬಂದಿತ್ತು. ಸೆರಗು ಜಾರಿತ್ತು. ಮೂರು ಪಟ್ಟಿಗಳೂ ಕೆಂಡದ ಹಾಗೆ ಕೆಂಪಾಗಿದ್ದವು.

ಉಳಿದ ಇಬ್ಬರಿಗೆ ಅದು ಮೊದಲ ಕೆಂಪು, ಎಚ್ಚರಿಕೆ ಹೇಳಿ ಬಿಟ್ಟರು. ನನಗೆ ಮೂರನೆಯದು. ಪಟ್ಟಿ ಯಾರ ಕೈಯಲ್ಲಿತ್ತೆಂದು ಪಾಲಕಿ ಕೇಳಲಿಲ್ಲ, ಹೇಳಿದ್ದರೆ ಇಡೀ ಕೇರಿಯ ಮಕ್ಕಳು ಹೋಗುತ್ತಿದ್ದರು. ನಾನೂ ಬಾಯಿ ಬಿಡಲಿಲ್ಲ. ಜ್ವರ ಇಳಿದ ಮೇಲೆ ಸಂಗಿಗೆ ಹೊಸ ಲಂಗ ತೊಡಿಸಿ ಒಯ್ದರು. ಬೆಕ್ಕಿನ ಮರಿ ಅಲ್ಲಿ ಇರುತ್ತದೆಯೇ ಎಂದು ಅವಳು ಕೇಳಿದಳು, ಇರುತ್ತದೆ ಎಂದು ಪಾಲಕಿ ಹೇಳಿದಳು. ಅವರು ತಿರುವಿನಲ್ಲಿ ಮರೆಯಾದ ಮೇಲೂ ನಾನು ಬಾಗಿಲಲ್ಲೇ ನಿಂತಿದ್ದೆ, ಎಷ್ಟು ಹೊತ್ತೋ ನೆನಪಿಲ್ಲ. ದ್ಯಾಮಕ್ಕ ಈಗ ಯಾರ ಪಟ್ಟಿಯನ್ನೂ ಮುಟ್ಟುವುದಿಲ್ಲ. "ನನ್ನ ಕೈ ಕೆಟ್ಟೈತಿ, ಇನ್ನ ನನ್ನ ಕಡೆ ಬರಬ್ಯಾಡ್ರಿ," ಎಂದು ಬಾಗಿಲು ಹಾಕಿಕೊಂಡಿದ್ದಾಳೆ. ಒಳಗೆ ಸಂಗಿಯ ಹೆಸರು ಹಿಡಿದು ಅಳುವುದು ಗೋಡೆಯಾಚೆಗೆ ಕೇಳಿಸುತ್ತದೆ.

ನನ್ನ ಪಟ್ಟಿ ಇನ್ನೂ ತೋಳಿನಲ್ಲೇ ಇದೆ. ಒಂದಿಷ್ಟು ದಿನ ಸತತವಾಗಿ ಹಸಿರಾಗಿದ್ದರೆ ಮಗುವನ್ನು ಮರಳಿ ಕೇಳಬಹುದು ಎಂಬ ನಿಯಮವಿದೆ. ಮೊದಮೊದಲು ಅದು ಆರಲೇ ಇಲ್ಲ. ಸಂಗಿ ತಿರುಗಿ ಬಂದಾಳು, ಬಂದರೆ ಮತ್ತೆ ಒಯ್ದಾರು ಎಂದು ನೆನೆದಾಗಲೆಲ್ಲ ಕೆಂಪಾಗುತ್ತಿತ್ತು. ಈಗ ಕೆಲವು ದಿನಗಳಿಂದ ತಾನಾಗಿ ಹಸಿರಾಗಿದೆ. ಪಾಲಕಿ ನೋಡಿ ಮೆಚ್ಚಿಕೊಂಡಳು, ಅರ್ಜಿ ಬರೆದುಕೊಡಲೇ ಎಂದು ಕೇಳಿದಳು. ಈಗಲೇ ಬೇಡ ಎಂದೆ. ಸಂಗಿ ಬರುತ್ತಾಳೆಂದು ನಂಬುವ ಶಕ್ತಿ ನನ್ನಲ್ಲಿ ಉಳಿದಿಲ್ಲ ಎಂದು ಪಾಲಕಿಗೆ ಹೇಗೆ ಹೇಳಲಿ?

ನಿಮ್ಮಲ್ಲಿ ಒಂದೇ ಬೇಡಿಕೆ. ದಣಿವು ಹೇಗೆ ಕಳೆಯುತ್ತೀರಿ ಎಂದು ಯಾರಾದರೂ ಅಕ್ಕರೆಯಿಂದ ಕೇಳಿದರೆ ಬಾಯಿ ಬಿಡಬೇಡಿ. ಇಷ್ಟು ಕೆಲಸ ನನ್ನೊಬ್ಬಳ ತಲೆಯ ಮೇಲೆ ಯಾಕೆ ಬಿತ್ತು ಎಂದು ತಿರುಗಿ ಕೇಳಿ. ನಮ್ಮ ಪಾಠಗಳಲ್ಲಿ ಉಸಿರಾಡುವ ಬಗೆ ಇದೆ, ಪೇಡೆ ತಿನ್ನುವ ಬಗೆಯೂ ಇದೆ. ನೀರು ತರಲು ನನ್ನ ಜೊತೆ ಇನ್ನೊಬ್ಬರನ್ನು ಕಳಿಸುವ ಮಾತು ಎಲ್ಲೂ ಇಲ್ಲ. ನೀವು ಕೇಳುತ್ತೀರೆಂದು ನನಗೆ ಅನಿಸುವುದಿಲ್ಲ. ಕೇಳಿದ್ದರೆ ನಾವು ಹೀಗಿರುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಬಾಗಿಲಲ್ಲಿ ನೆರಳಾಡಿತು. ಎದುರುಮನೆಯ ಶಿವಲೀಲಾ, ಹೋದ ತಿಂಗಳು ಹೆತ್ತವಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಬಿಚ್ಚಿದ ಪಟ್ಟಿ. "ಅಕ್ಕಾ, ಈಗ ನಿಮ್ಮ ಕೈ ತಂಪೈತಂತ ಎಲ್ಲಾರೂ ಅನ್ನಾಕತ್ತಾರ. ಕಂಬ ಓದೂತನಾ ಇದನ್ನೊಂದೀಟು ಇಟಗೋತೀರೇನು?" ಎಂದಳು. ಬರೆಯುವುದನ್ನು ನಿಲ್ಲಿಸಿ ತೋಳು ಚಾಚಿದೆ, ಅವಳೇ ಕಟ್ಟಿದಳು. ನೋಡುತ್ತಿದ್ದಂತೆಯೇ ಪಟ್ಟಿ ಹಸಿರಾಯಿತು. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು. ಅಳಲಿ ಎಂದು ಬಿಟ್ಟೆ. ಕೂಸನ್ನು ಮಾತ್ರ ನನ್ನ ಹತ್ತಿರ ತರಬೇಡ ಎಂದೆ.